ಕಣ್ಣಿಗೂ ಒಂದು ಕಟ್ಟಳೆ

ದೇವರು ಮೋಶೆಯ ಮೂಲಕ ಇಸ್ರಯೇಲ ಜನತೆಗೆ ದಯಪಾಲಿಸಿದ ಹತ್ತು ಕಟ್ಟಳೆಗಳನ್ನು ಬಾಯಿಪಾಠ ಮಾಡದೆ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಗು ನಮ್ಮ ಧರ್ಮಕೇಂದ್ರಗಳಲ್ಲಿ ಇರಲಾರದು. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಬೆರಳು ಮಡಿಸುತ್ತಾ ಒಂದರಿಂದ ಹತ್ತರವರೆಗೆ ತಡವರಿಸದೆ ಒಪ್ಪಿಸುವ ಮಕ್ಕಳನ್ನು ಕಂಡು ನಾವೂ ತಲೆದೂಗಿದ್ದೇವೆ. ಆದರೆ ಹೀಗೆ ಬೆರಳ ತುದಿಯಲ್ಲಿರುವ ಕಟ್ಟಳೆಗಳು ಬಾಳಿನ ಇಕ್ಕಟ್ಟಿನ ಗಳಿಗೆಯಲ್ಲಿ ಎಷ್ಟರಮಟ್ಟಿಗೆ ನೆರವಿಗೆ ಬರುತ್ತವೆ? ಒಂದು ಕಟ್ಟಳೆಯನ್ನು ಅಕ್ಷರಶಃ ಪಾಲಿಸಹೊರಟವನು ಇನ್ನೊಂದರ ಎದುರಿಗೆ ತಪ್ಪಿತಸ್ಥನಾಗಿ ನಿಲ್ಲುವುದಿಲ್ಲವೆ?

ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಅತ್ಯಂತ ಗಂಭೀರವಾಗಿ ಎತ್ತಿದವರಲ್ಲಿ ಒಬ್ಬರು ದೈವಶಾಸ್ತ್ರಜ್ಞರಲ್ಲ, ಧರ್ಮಗುರುಗಳೂ ಅಲ್ಲ. ಒಬ್ಬ ಚಲನಚಿತ್ರ ನಿರ್ದೇಶಕರು. ಪೋಲೆಂಡ್ ದೇಶದ ಕ್ಷಿಸ್ಟೋಫ್ ಕೀಸ್ಲೋವ್ಸ್ಕಿಯವರು 1988 ಮತ್ತು 1989ರಲ್ಲಿ ತಮ್ಮ ದೇಶದ ಟೆಲಿವಿಷನ್ನಿಗಾಗಿ 'ಡೆಕಲಾಗ್' ಎಂಬ ಹೆಸರಿನಲ್ಲಿ ಹತ್ತು ಚಿತ್ರಗಳನ್ನು ನಿರ್ಮಿಸಿದರು. ಒಂದೊಂದು ಚಿತ್ರವೂ ಸುಮಾರು ಒಂದು ಗಂಟೆಯ ಅವಧಿಯದು. ಒಂದೊಂದಕ್ಕೂ ಒಂದೊಂದು ಕಟ್ಟಳೆ ಆಧಾರ. ಚರ್ಚಿಗೆ ನಿಯಮಿತವಾಗಿ ಹೋಗುವ ಭಕ್ತರೆಂದು ಅವರು ತಮ್ಮನ್ನು ಎಂದೂ ಕರೆದುಕೊಳ್ಳಲಿಲ್ಲ. ಹಾಗಿದ್ದೂ, ಸಿನಿಮಾ ಹುಟ್ಟಿ ನೂರು ವರ್ಷವಾದ ಸಂದರ್ಭದಲ್ಲಿ, 1995ರಲ್ಲಿ, ವ್ಯಾಟಿಕನ್ ಪ್ರಕಟಿಸಿದ 45 ಗಣ್ಯ ಚಿತ್ರಗಳ ಪಟ್ಟಿಯಲ್ಲಿ ಮಾನವೀಯ ಮೌಲ್ಯಗಳ ವಿಭಾಗದಡಿ ಡೆಕಲಾಗ್ ಸ್ಥಾನ ಪಡೆಯಿತು. ಹೊರಗೆ ನಿಂತವರ ಕೆಲಸವನ್ನು ಧರ್ಮಸಭೆ ಹೀಗೆ ಒಳಗೆ ಕರೆದು ಕೂರಿಸಿದ್ದಕ್ಕೆ ಕಾರಣವಿಲ್ಲದಿಲ್ಲ. ಆ ಕಾರಣವನ್ನು ಅವರ ವೃತ್ತಿಜೀವನದಲ್ಲಿಯೇ ಹುಡುಕಬೇಕು.

ಕೀಸ್ಲೋವ್ಸ್ಕಿಯವರು ಹುಟ್ಟಿದ್ದು 1941ರ ಜೂನ್ 27ರಂದು, ನಾಜಿಗಳ ವಶದಲ್ಲಿದ್ದ ವಾರ್ಸಾ ನಗರದಲ್ಲಿ. ತಂದೆ ಎಂಜಿನಿಯರ್, ಆದರೆ ಕ್ಷಯರೋಗಿ. ಒಂದು ಆರೋಗ್ಯಧಾಮದಿಂದ ಇನ್ನೊಂದಕ್ಕೆ ತಂದೆ ಹೋದಂತೆಲ್ಲ ಕುಟುಂಬವೂ ಊರಿಂದೂರಿಗೆ ಅಲೆಯಿತು. ಸೊಕೊಲೋವ್ಸ್ಕೊ ಎಂಬ ಪುಟ್ಟ ಊರಿನಲ್ಲಿದ್ದಾಗ ಸಿನಿಮಾ ನೋಡಲು ಕಾಸಿಲ್ಲದ ಹುಡುಗರೊಡನೆ ಕಟ್ಟಡದ ಮಾಡು ಹತ್ತಿ, ಗಾಳಿಗಂಡಿಯಿಂದ ಇಣುಕಿ, ಪರದೆಯ ಒಂದು ಮೂಲೆಯನ್ನಷ್ಟೇ ನೋಡುತ್ತಿದ್ದುದನ್ನು ಅವರು ಮುಂದೆ ನೆನೆದುಕೊಂಡಿದ್ದಾರೆ. ಹದಿಹರೆಯದಲ್ಲಿ ಓದು ಬೇಡವೆನಿಸಿ ಅಗ್ನಿಶಾಮಕ ದಳದ ತರಬೇತಿ ಶಾಲೆಗೆ ಸೇರಿದರು. ಮಗ ಬೇಗನೆ ಬೇಸತ್ತು ಹಿಂದಿರುಗುವನೆಂದು ಬಲ್ಲ ತಂದೆ ತಡೆಯಲಿಲ್ಲ. ಮೂರು ತಿಂಗಳಲ್ಲಿ ಹಾಗೆಯೇ ಆಯಿತು. ಸಮವಸ್ತ್ರ, ಸೀಟಿ, ಆಜ್ಞೆ ಇವುಗಳ ಬದುಕು ತಮ್ಮದಲ್ಲವೆಂದು ಆ ಮೂರು ತಿಂಗಳೇ ಅವರಿಗೆ ಕಲಿಸಿದವು.

ಬಳಿಕ ವಾರ್ಸಾದ ರಂಗತಂತ್ರ ಶಾಲೆಯಲ್ಲಿ ಓದಿದರು. ನಾಟಕ ನಿರ್ದೇಶಕನಾಗಬೇಕೆಂಬ ಹಂಬಲದಿಂದ, ಅದಕ್ಕೆ ಮೆಟ್ಟಿಲೆಂದು, ಲೋಡ್ಜ್ ನಗರದ ಪ್ರಸಿದ್ಧ ಚಲನಚಿತ್ರ ಶಾಲೆಯ ಬಾಗಿಲು ತಟ್ಟಿದರು. ಎರಡು ಬಾರಿ ತಿರಸ್ಕೃತರಾದರು. ಮೂರನೆಯ ಯತ್ನದಲ್ಲಿ, 1964ರಲ್ಲಿ, ಪ್ರವೇಶ ದೊರೆಯಿತು. ಅಷ್ಟರಲ್ಲಿ ನಾಟಕದ ಹಂಬಲ ಕರಗಿ ಸಾಕ್ಷ್ಯಚಿತ್ರದ ಮೋಹ ಹುಟ್ಟಿತ್ತು.

ಆ ಮೋಹದ ಹಿಂದೆ ಒಂದು ನೈತಿಕ ಹಟವಿತ್ತು. ಅಂದಿನ ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಸರ್ಕಾರದ ಪತ್ರಿಕೆಗಳಲ್ಲಿ ಕಾಣುತ್ತಿದ್ದ ದೇಶವೊಂದು, ಜನ ಬದುಕುತ್ತಿದ್ದ ದೇಶ ಇನ್ನೊಂದು. ಕಾರ್ಖಾನೆ, ಆಸ್ಪತ್ರೆ, ಕಚೇರಿಗಳಲ್ಲಿ ನಿಜವಾಗಿ ನಡೆಯುತ್ತಿದ್ದುದು ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ದಾಖಲಾಗದ ಬದುಕು ಇಲ್ಲದ ಬದುಕಿನಂತೆಯೇ ಸರಿ ಎಂದು ಭಾವಿಸಿದ ತರುಣ ನಿರ್ದೇಶಕರು, ಇದ್ದುದನ್ನು ಇದ್ದಂತೆ ತೋರಿಸುವುದನ್ನೇ ತಮ್ಮ ಧರ್ಮವೆಂದು ಬಗೆದರು. 1970ರ ಮುಷ್ಕರಗಳ ತರುವಾಯ ಕಾರ್ಮಿಕರು ಏನು ಚಿಂತಿಸುತ್ತಿದ್ದಾರೆಂಬುದನ್ನು 'ಕಾರ್ಮಿಕರು 71' ಚಿತ್ರದಲ್ಲಿ ಹಿಡಿದಿಟ್ಟರು. 1974ರ 'ಮೊದಲ ಪ್ರೇಮ' ಎಂಬ ಟೆಲಿವಿಷನ್ ಚಿತ್ರದಲ್ಲಿ ಒಂದು ಎಳೆಯ ಜೋಡಿಯನ್ನು, ಹುಡುಗಿ ಗರ್ಭಿಣಿಯಾದಂದಿನಿಂದ ಮಗು ಹುಟ್ಟುವವರೆಗೆ, ಹಿಂಬಾಲಿಸಿದರು. ಮಗು ಹುಟ್ಟಿದಾಗ ಆ ಎಳೆಯ ತಂದೆ ಅತ್ತ. ಕ್ಯಾಮರಾ ಅದನ್ನು ಕಂಡಿತು, ಹಿಡಿದುಕೊಂಡಿತು.

ಅಲ್ಲಿಂದ ಅವರ ಮನಸ್ಸಿನಲ್ಲಿ ಒಂದು ಅಳುಕು ಮೊಳೆಯಿತು. ನಿಜವಾದ ಕಣ್ಣೀರನ್ನು ಚಿತ್ರಿಸಲು ತನಗೆ ಅಧಿಕಾರವುಂಟೆ? 1977ರಲ್ಲಿ ಕಾರ್ಖಾನೆಯ ಕಾವಲುಗಾರನೊಬ್ಬನ ಬಗೆಗೆ ಒಂದು ಕಿರುಚಿತ್ರ ತಯಾರಿಸಿದರು. ಆತನಿಗೆ ನಿಯಮವೇ ಸರ್ವಸ್ವ. ಇತರರನ್ನು ಹದ್ದುಬಸ್ತಿನಲ್ಲಿಡುವುದೇ ಆನಂದ. ಚಿತ್ರ ಮೆಚ್ಚುಗೆ ಗಳಿಸಿತು. ಆದರೆ ಅದನ್ನು ಟೆಲಿವಿಷನ್ನಿನಲ್ಲಿ ತೋರಿಸುವುದಕ್ಕೆ ಸ್ವತಃ ನಿರ್ದೇಶಕರೇ ಒಪ್ಪಲಿಲ್ಲ. ನೆರೆಹೊರೆಯವರು ನೋಡಿ ನಕ್ಕರೆ ಆ ಮನುಷ್ಯನ ಗತಿಯೇನು ಎಂಬುದು ಅವರ ಚಿಂತೆ. ದಬ್ಬಾಳಿಕೆಯ ಮನೋಭಾವವನ್ನು ಬಯಲಿಗೆಳೆಯುವುದು ಅವರ ಉದ್ದೇಶವಾಗಿತ್ತೇ ಹೊರತು ಒಬ್ಬ ಬಡಪಾಯಿಯನ್ನು ಹಾಸ್ಯಾಸ್ಪದನನ್ನಾಗಿ ಮಾಡುವುದಲ್ಲ.

ಈ ಅಳುಕೇ 1979ರ 'ಕ್ಯಾಮರಾ ಬಫ್' ಎಂಬ ಕಥಾಚಿತ್ರದ ವಸ್ತುವಾಯಿತು. ಫಿಲಿಪ್ ಎಂಬ ಕಾರ್ಖಾನೆಯ ನೌಕರ ತನ್ನ ಹಸುಳೆಯ ಬೆಳವಣಿಗೆಯನ್ನು ಚಿತ್ರಿಸಲೆಂದು ಪುಟ್ಟ ಕ್ಯಾಮರಾ ಕೊಳ್ಳುತ್ತಾನೆ. ಕ್ರಮೇಣ ಊರನ್ನೇ ಚಿತ್ರಿಸತೊಡಗುತ್ತಾನೆ. ಹೆಸರು ಬರುತ್ತದೆ, ಹೆಂಡತಿ ಮಗುವಿನೊಡನೆ ದೂರವಾಗುತ್ತಾಳೆ. ಅವನ ಸದುದ್ದೇಶದ ಚಿತ್ರದಿಂದಾಗಿ ಅವನಿಗೆ ಒಳಿತು ಬಯಸಿದ ಹಿರಿಯ ಸಹೋದ್ಯೋಗಿ ಕೆಲಸ ಕಳೆದುಕೊಳ್ಳುತ್ತಾರೆ. ಕೊನೆಯ ದೃಶ್ಯದಲ್ಲಿ ಫಿಲಿಪ್ ಕ್ಯಾಮರಾವನ್ನು ತನ್ನ ಕಡೆಗೇ ತಿರುಗಿಸಿಕೊಳ್ಳುತ್ತಾನೆ. ಮಾಸ್ಕೋ ಚಲನಚಿತ್ರೋತ್ಸವದಲ್ಲಿ ಪ್ರಶಸ್ತಿ ಗಳಿಸಿ ಕೀಸ್ಲೋವ್ಸ್ಕಿಯವರಿಗೆ ಅಂತರರಾಷ್ಟ್ರೀಯ ಕೀರ್ತಿ ತಂದ ಈ ಚಿತ್ರ, ಒಂದರ್ಥದಲ್ಲಿ ಅವರ ಆತ್ಮಶೋಧನೆಯೇ ಆಗಿದೆ.

ಮುಂದಿನ ವರ್ಷ ನಡೆದ ಒಂದು ಘಟನೆ ಅವರ ದಾರಿಯನ್ನೇ ಬದಲಿಸಿತು. ವಾರ್ಸಾದ ಕೇಂದ್ರ ರೈಲು ನಿಲ್ದಾಣದಲ್ಲಿ ರಾತ್ರಿ ಕಾಯುತ್ತಿದ್ದ ಜನರನ್ನು ಕುರಿತು ಅವರು 'ನಿಲ್ದಾಣ' ಎಂಬ ಸಾಕ್ಷ್ಯಚಿತ್ರ ತಯಾರಿಸುತ್ತಿದ್ದರು. ಒಂದು ರಾತ್ರಿ ಚಿತ್ರೀಕರಣ ಮುಗಿಸಿ ಬಂದಾಗ ಪೊಲೀಸರು ರೀಲುಗಳನ್ನೆಲ್ಲ ವಶಪಡಿಸಿಕೊಂಡರು. ತಾಯಿಯನ್ನು ಕೊಂದ ಹುಡುಗಿಯೊಬ್ಬಳು ಶವವನ್ನು ಪೆಟ್ಟಿಗೆಗಳಲ್ಲಿ ತುಂಬಿ ಅದೇ ರಾತ್ರಿ ನಿಲ್ದಾಣದ ಸಾಮಾನು ಕಪಾಟಿನಲ್ಲಿ ಇಟ್ಟಿದ್ದಳಂತೆ. ಅವಳ ಮುಖ ರೀಲಿನಲ್ಲಿ ಸಿಕ್ಕೀತೆಂಬುದು ಪೊಲೀಸರ ನಿರೀಕ್ಷೆ. ಸಿಕ್ಕಲಿಲ್ಲ. ರೀಲುಗಳು ಹಿಂದಿರುಗಿದವು. ಆದರೆ ಕ್ಯಾಮರಾ ಆ ಕ್ಷಣ ಸ್ವಲ್ಪ ಎಡಕ್ಕೋ ಬಲಕ್ಕೋ ತಿರುಗಿದ್ದರೆ ತಾನು ತನಗರಿವಿಲ್ಲದೆಯೇ ಪೊಲೀಸರ ಬೇಹುಗಾರನಾಗುತ್ತಿದ್ದೆನಲ್ಲ ಎಂಬ ವಿಚಾರ ಅವರನ್ನು ಬಾಧಿಸಿತು. ಸಾಕ್ಷ್ಯಚಿತ್ರಗಳಿಂದ ಅವರು ಬಹುಮಟ್ಟಿಗೆ ದೂರ ಸರಿದು ಕಥಾಚಿತ್ರಗಳತ್ತ ಮುಖ ಮಾಡಿದರು. ಅಲ್ಲಿ ನಟರಿರುತ್ತಾರೆ, ಅಳಬೇಕಾದರೆ ಗ್ಲಿಸರಿನ್ ಇದೆ. ಯಾರ ನಿಜವಾದ ಕಣ್ಣೀರನ್ನೂ ಕದಿಯಬೇಕಾಗಿಲ್ಲ.

ಪ್ರಿಯ ಓದುಗರೇ, ಇಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ, ಮನೆಭೇಟಿಗೆಂದು ಹೋದ ನಮ್ಮೆದುರು ವೃದ್ಧ ತಾಯಿಯೊಬ್ಬರು ತಮ್ಮ ಸಂಕಟ ತೋಡಿಕೊಂಡರು. ಅದು ಪಾಪನಿವೇದನೆಯಲ್ಲ; ಪಡಸಾಲೆಯಲ್ಲಿ ಕುಳಿತು ಆಡಿದ ಮಾತು. ಮುಂದಿನ ಭಾನುವಾರದ ಪ್ರಬೋಧನೆ ನಾಲ್ಕನೆಯ ಕಟ್ಟಳೆಯ ಮೇಲಿತ್ತು. ಹೆಸರು ಹೇಳದೆ, ಊರು ಹೇಳದೆ, ಆ ತಾಯಿಯ ಕಥೆಯನ್ನು ನಾವು ಪೀಠದಿಂದ ಹೇಳಿದೆವು. ಜನ ಕಣ್ಣೊರೆಸಿಕೊಂಡರು. ಬಲಿಪೂಜೆಯ ಬಳಿಕ ಹಲವರು ಬಂದು ಪ್ರಬೋಧನೆಯನ್ನು ಹೊಗಳಿದರು. ಆ ತಾಯಿ ಮಾತ್ರ ಮೂರು ವಾರ ಚರ್ಚಿನತ್ತ ಸುಳಿಯಲಿಲ್ಲ. ಕೊನೆಗೆ ನಾವೇ ಮನೆಗೆ ಹೋದಾಗ ಎಂದಿನಂತೆ ಕಾಫಿ ಕೊಟ್ಟು, ತಲೆ ತಗ್ಗಿಸಿ, "ಸ್ವಾಮಿ, ನಾನು ಅತ್ತದ್ದು ನಿಮ್ಮ ಮುಂದೆ, ಊರ ಮುಂದೆ ಅಲ್ಲ" ಎಂದರು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕ್ಷಮೆ ಕೇಳಿದೆವು, ಅವರು ಕ್ಷಮಿಸಿದರು. ಅವರಿಂದು ಪ್ರಭುವಿನ ಸನ್ನಿಧಿ ಸೇರಿದ್ದಾರೆ. ಅವರ ಸಂಕಟವೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ತಪ್ಪನ್ನಷ್ಟೇ ಬರೆದಿದ್ದೇವೆ. ಗುರುಮಠದಲ್ಲಿ ನೀತಿಶಾಸ್ತ್ರ ಓದಿ, ಅಂತಃಸಾಕ್ಷಿಯ ಲಕ್ಷಣವನ್ನು ಸಂತ ತೋಮಸ್ ಅಕ್ವಿನಾಸರ ಕ್ರಮದಲ್ಲಿ ವಿವರಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದ ನಮಗೆ ಆ ಅಂತರಂಗದ ಹೊಸ್ತಿಲಲ್ಲಿ ಪಾದರಕ್ಷೆ ಕಳಚಬೇಕೆಂಬುದು ಆ ದಿನದವರೆಗೆ ತಿಳಿದಿರಲಿಲ್ಲ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಮನುಷ್ಯನ ಅಂತಃಸಾಕ್ಷಿಯನ್ನು ಅವನು ದೇವರೊಡನೆ ಏಕಾಂತದಲ್ಲಿರುವ ಗರ್ಭಗುಡಿಯೆಂಬಂತೆ ಕಂಡಿತು. ಗರ್ಭಗುಡಿಗೆ ಯಾರೂ ದೀಪ ಹಿಡಿದು ನುಗ್ಗುವುದಿಲ್ಲ. ಕೀಸ್ಲೋವ್ಸ್ಕಿಯವರು ಕ್ಯಾಮರಾ ಹಿಡಿದು ಕಲಿತದ್ದು ಇದನ್ನೇ ಎಂದು ನಮಗೆ ಹೊಳೆದದ್ದು ಆ ಮೇಲೆ.

ಹಾಗಾದರೆ ಕಣ್ಣು ಮುಚ್ಚಿಕೊಳ್ಳುವುದೇ ಸದ್ಗುಣವೆ? ಅಲ್ಲವೆಂಬುದಕ್ಕೆ ಅವರ ಬದುಕಿನ ಮುಂದಿನ ಅಧ್ಯಾಯವೇ ಸಾಕ್ಷಿ. 1981ರ ಡಿಸೆಂಬರ್ 13ರಂದು ಪೋಲೆಂಡಿನಲ್ಲಿ ಸೇನಾಡಳಿತ ಘೋಷಿತವಾಯಿತು. ಗೋಡೆಯ ಮೇಲೆ ಘೋಷಣೆ ಬರೆದವರು, ಕರಪತ್ರ ಹಂಚಿದವರು ನ್ಯಾಯಾಲಯಗಳ ಮೆಟ್ಟಿಲೇರಿ ಸೆರೆಮನೆ ಸೇರುತ್ತಿದ್ದರು. ಈ ವಿಚಾರಣೆಗಳನ್ನು ಚಿತ್ರಿಸಲು ಕೀಸ್ಲೋವ್ಸ್ಕಿಯವರು ಅನುಮತಿ ಪಡೆದರು. ಆಗೊಂದು ವಿಚಿತ್ರ ನಡೆಯಿತು. ಕ್ಯಾಮರಾ ಇದ್ದ ಕೋಣೆಯಲ್ಲಿ ನ್ಯಾಯಾಧೀಶರು ಕಠಿಣ ಶಿಕ್ಷೆ ವಿಧಿಸಲು ಹಿಂಜರಿದರು. ತಮ್ಮ ಅನ್ಯಾಯ ಮುಂದೊಂದು ದಿನ ದಾಖಲೆಯಾಗಿ ಎದುರು ನಿಂತೀತೆಂಬ ಅಂಜಿಕೆ! ಸುದ್ದಿ ಹರಡಿ ವಕೀಲರು ತಮ್ಮ ತಮ್ಮ ಮೊಕದ್ದಮೆಗಳಿಗೆ ಅವರನ್ನು ಕರೆಯತೊಡಗಿದರು. ಕೊನೆಕೊನೆಗೆ ರೀಲು ಹಾಕದ ಕ್ಯಾಮರಾವನ್ನೇ ಕೊಂಡೊಯ್ದು ನಿಲ್ಲಿಸುತ್ತಿದ್ದುದಾಗಿ ಅವರೇ ಹೇಳಿಕೊಂಡಿದ್ದಾರೆ. ಸಾಕ್ಷ್ಯಚಿತ್ರವೇನೋ ಆಗಲಿಲ್ಲ, ಕೆಲವರು ಸೆರೆಮನೆಯಿಂದ ಪಾರಾದರು.

ನಿಲ್ದಾಣದಲ್ಲಿ ಯಾರನ್ನೋ ಸೆರೆಗೆ ದೂಡಬಹುದಾಗಿದ್ದ ಅದೇ ಕ್ಯಾಮರಾ ನ್ಯಾಯಾಲಯದಲ್ಲಿ ಹಲವರನ್ನು ಸೆರೆಯಿಂದ ಬಿಡಿಸಿತು. ಉಪಕರಣ ಒಂದೇ. ಯಾರ ಪರವಾಗಿ ನೋಡುತ್ತಿದ್ದೇವೆ, ಯಾರ ಹಿತಕ್ಕಾಗಿ ನೋಡುತ್ತಿದ್ದೇವೆ ಎಂಬುದರಲ್ಲಿ ವ್ಯತ್ಯಾಸವಿದೆ.

ಆ ನ್ಯಾಯಾಲಯಗಳಲ್ಲಿಯೇ ಅವರಿಗೆ ಕ್ಷಿಸ್ಟೋಫ್ ಪಿಯೆಸಿಯೆವಿಚ್ ಎಂಬ ವಕೀಲರ ಪರಿಚಯವಾಯಿತು. ಇಬ್ಬರೂ ಸೇರಿ 1985ರಲ್ಲಿ ತೆರೆಕಂಡ 'ನೋ ಎಂಡ್' ಚಿತ್ರಕ್ಕೆ ಕಥೆ ಬರೆದರು. ಆ ಬಳಿಕ ಒಂದು ದಿನ, ಕೊರೆಯುವ ಚಳಿಯ ಮಳೆಯಲ್ಲಿ ಎದುರಾದ ವಕೀಲರು, ಹತ್ತು ಕಟ್ಟಳೆಗಳ ಬಗ್ಗೆ ಚಿತ್ರ ತೆಗೆಯಬಾರದೇಕೆಂದು ಕೇಳಿದರಂತೆ. ಜನರ ಮುಖದಲ್ಲಿ ಬಳಲಿಕೆ, ಪರಸ್ಪರ ಅಪನಂಬಿಕೆ. ಏತಕ್ಕಾಗಿ ಬದುಕುತ್ತಿದ್ದೇವೆಂದು ಯಾರಿಗೂ ತಿಳಿಯದ ಕಾಲ ಅದು. ಹತ್ತು ಕಥೆಗಳನ್ನು ಹತ್ತು ಮಂದಿ ತರುಣ ನಿರ್ದೇಶಕರಿಗೆ ಹಂಚುವುದು ಮೊದಲ ಯೋಚನೆಯಾಗಿತ್ತು. ಬರೆಯುತ್ತಾ ಬರೆಯುತ್ತಾ ಕಥೆಗಳ ಮೇಲಿನ ಮಮತೆ ಬೆಳೆದು, ಹತ್ತನ್ನೂ ಕೀಸ್ಲೋವ್ಸ್ಕಿಯವರೇ ನಿರ್ದೇಶಿಸಿದರು. ಛಾಯಾಗ್ರಾಹಕರು ಮಾತ್ರ ಒಂಬತ್ತು ಮಂದಿ. ಸಂಗೀತ ಜ್ಬಿಗ್ನೀವ್ ಪ್ರೈಸ್ನರ್ ಅವರದು. ಹತ್ತೂ ಕಥೆಗಳ ಕುಟುಂಬಗಳು ವಾರ್ಸಾದ ಒಂದೇ ವಸತಿ ಸಮುಚ್ಚಯದ ನಿವಾಸಿಗಳು. ಒಬ್ಬರ ಕಥೆಯಲ್ಲಿ ಇನ್ನೊಬ್ಬರು ಲಿಫ್ಟಿನಲ್ಲಿಯೋ ಮೆಟ್ಟಿಲ ಬಳಿಯಲ್ಲಿಯೋ ಹಾದುಹೋಗುತ್ತಾರೆ. ನೆರೆಯವನನ್ನು ಪ್ರೀತಿಸಬೇಕಾದ ಜನ ನೆರೆಯವನ ಹೆಸರನ್ನೂ ಅರಿಯದೆ ಬದುಕುತ್ತಾರೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ಗುರುಮಠದಲ್ಲಿ ವಿಡಿಯೋ ಕ್ಯಾಸೆಟ್ಟಿನ ಮೂಲಕ ನಾವು ನೋಡಿದ್ದು ಮೊದಲನೆಯ ಚಿತ್ರವನ್ನು. ವಿಶ್ವವಿದ್ಯಾಲಯದ ಅಧ್ಯಾಪಕನೊಬ್ಬ ತನ್ನ ಪುಟ್ಟ ಮಗ ಪಾವೆಲ್‌ನೊಡನೆ ವಾಸಿಸುತ್ತಾನೆ. ಅಳೆಯಬಹುದಾದದ್ದೆಲ್ಲವನ್ನೂ ಅರಿಯಬಹುದೆಂಬುದು ಅವನ ನಂಬಿಕೆ. ಸಮೀಪದ ಕೊಳ ಹೆಪ್ಪುಗಟ್ಟಿದೆ. ಮಗನಿಗೆ ಅದರ ಮೇಲೆ ಜಾರಾಡುವಾಸೆ. ತಂದೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾನೆ. ಮಂಜುಗಡ್ಡೆ ಮಗನ ತೂಕವನ್ನು ಧಾರಾಳವಾಗಿ ತಡೆಯಬಲ್ಲದೆಂದು ಉತ್ತರ ಬರುತ್ತದೆ. ರಾತ್ರಿ ತಾನೇ ಹೋಗಿ ಅದರ ಮೇಲೆ ನಡೆದು ಪರೀಕ್ಷಿಸುತ್ತಾನೆ. ಅಷ್ಟು ಅಕ್ಕರೆಯ ತಂದೆ ಆತ. ಆದರೂ ಮಂಜುಗಡ್ಡೆ ಒಡೆಯುತ್ತದೆ. ಏಕೆಂದು ಚಿತ್ರ ಹೇಳುವುದಿಲ್ಲ.

ಮಗು ನೀರಿಗೆ ಬೀಳುವುದನ್ನು ಕೀಸ್ಲೋವ್ಸ್ಕಿಯವರು ತೋರಿಸುವುದೇ ಇಲ್ಲ. ತಂದೆಯ ಮೇಜಿನ ಮೇಲೆ ಶಾಯಿಯ ಶೀಶೆ ಒಡೆದು ಕಾಗದಗಳ ಮೇಲೆ ಹರಡುತ್ತದೆ. ಹೊರಗೆ ವಾಹನಗಳ ಸದ್ದು ಕೇಳುತ್ತದೆ. ಕೊಳದ ದಡದಲ್ಲಿ ದೇಹವನ್ನು ಮೇಲೆತ್ತುವಾಗ ಜನರು ಮೊಣಕಾಲೂರುತ್ತಾರೆ. ಕೊನೆಗೆ ತಂದೆ, ಇನ್ನೂ ಕಟ್ಟಿ ಮುಗಿಯದ ಚರ್ಚಿಗೆ ಹೋಗಿ ಪೀಠವನ್ನು ದೂಡಿ ಕೆಡವುತ್ತಾನೆ. ಉರುಳಿದ ಮೇಣದಬತ್ತಿಯ ಮೇಣ ಚೆಸ್ಟೊಚೋವಾ ಮಾತೆಯ ಚಿತ್ರಪಟದ ಮೇಲೆ ಹನಿದು, ಮರಿಯಮ್ಮನವರ ಕಣ್ಣೀರಿನಂತೆ ಕಾಣುತ್ತದೆ. ಆತ ಹೆಪ್ಪುಗಟ್ಟಿದ ತೀರ್ಥಜಲದ ಬಿಲ್ಲೆಯನ್ನು ತೆಗೆದು ಹಣೆಗೊತ್ತಿಕೊಳ್ಳುತ್ತಾನೆ. ಮಗನನ್ನು ಕೊಂದ ಮಂಜುಗಡ್ಡೆಯೂ ನೀರೇ, ಇದೂ ನೀರೇ. ಅದು ದೈವದೂಷಣೆಯೋ ಪ್ರಾರ್ಥನೆಯೋ ಎಂದು ಅಂದು ನಾವು ಸಹಪಾಠಿಗಳೊಡನೆ ಬಹಳ ಹೊತ್ತು ವಾದಿಸಿದೆವು. ಮಗುವನ್ನು ಕಳೆದುಕೊಂಡ ಹಲವು ಮನೆಗಳ ಬಾಗಿಲಲ್ಲಿ ನಿಂತು ಬಂದ ಮೇಲೆ, ಎರಡೂ ಒಂದೇ ಆಗಿರಬಹುದಾದ ಗಳಿಗೆಗಳುಂಟೆಂದು ನಂಬುತ್ತೇವೆ. ಯೋಬನ ಗ್ರಂಥವನ್ನು ಓದಿದವರಿಗೆ ಇದು ಹೊಸದಲ್ಲ.

ಮೊದಲ ಚಿತ್ರದಲ್ಲಿ ಕಣ್ಣು ತಿರುಗಿಸಿಕೊಂಡ ಅದೇ ನಿರ್ದೇಶಕರು ಐದನೆಯದರಲ್ಲಿ ನಮಗೆ ಕಣ್ಣು ತಿರುಗಿಸಲು ಬಿಡುವುದಿಲ್ಲ. ಕೊಲ್ಲಬಾರದೆಂಬ ಕಟ್ಟಳೆಯ ಕಥೆ ಅದು. ಯಾಚೆಕ್ ಎಂಬ ದಿಕ್ಕೆಟ್ಟ ಯುವಕ ಕಾರಣವಿಲ್ಲದೆ ಟ್ಯಾಕ್ಸಿ ಚಾಲಕನೊಬ್ಬನನ್ನು ಕೊಲ್ಲುತ್ತಾನೆ. ಸಿನಿಮಾಗಳಲ್ಲಿ ಕೊಲೆ ಸಾಮಾನ್ಯವಾಗಿ ಕ್ಷಣಾರ್ಧದ ಮಾತು. ಇಲ್ಲಿ ಅದು ದೀರ್ಘ, ವಿಕಾರ, ಅಸಹನೀಯ. ಆನಂತರ ನ್ಯಾಯಾಲಯದ ತೀರ್ಪಿನಂತೆ ಸರ್ಕಾರ ಯಾಚೆಕ್‌ನನ್ನು ಗಲ್ಲಿಗೇರಿಸುತ್ತದೆ. ಆ ಸಿದ್ಧತೆಯನ್ನೂ ಹಗ್ಗ, ರಾಟೆ, ತಟ್ಟೆ ಸಮೇತ ಅಷ್ಟೇ ವಿವರವಾಗಿ ತೋರಿಸುತ್ತಾರೆ. ಗಲ್ಲಿಗೆ ಮುನ್ನ ತನ್ನ ತರುಣ ವಕೀಲನೊಡನೆ ಆತ, ಕುಡಿದ ಗೆಳೆಯ ಓಡಿಸಿದ ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತ ತನ್ನ ಪುಟ್ಟ ತಂಗಿಯ ವಿಚಾರ ಹೇಳಿಕೊಳ್ಳುತ್ತಾನೆ. ಕೊಲೆಗಡುಕನೆಂಬ ಒಂದೇ ಹೆಸರಿನಡಿ ಮುಚ್ಚಿಹೋಗಿದ್ದ ಮನುಷ್ಯ ಆಗ ಕಾಣುತ್ತಾನೆ. ಎರಡನೆಯ ಹತ್ಯೆ ಮೊದಲನೆಯದನ್ನು ಸರಿಪಡಿಸಿತೆ ಎಂಬ ಪ್ರಶ್ನೆ ಪ್ರೇಕ್ಷಕನ ಮಡಿಲಿಗೆ ಬೀಳುತ್ತದೆ.

ಇದೇ ಕಥೆಯ ದೀರ್ಘ ರೂಪವಾದ 'ಕೊಲ್ಲುವುದರ ಕುರಿತು ಒಂದು ಕಿರುಚಿತ್ರ' 1988ರಲ್ಲಿ ಕ್ಯಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಬಹುಮಾನವನ್ನೂ, ಅದೇ ವರ್ಷ ಆರಂಭವಾದ ಯೂರೋಪಿನ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಗೌರವವನ್ನೂ ಪಡೆಯಿತು. ಪೋಲೆಂಡಿನಲ್ಲಿ ಕೊನೆಯ ಮರಣದಂಡನೆ ಜಾರಿಯಾದುದು 1988ರ ಏಪ್ರಿಲ್‌ನಲ್ಲಿ. 1997ರ ದಂಡಸಂಹಿತೆ ಅದನ್ನು ಕಾನೂನಿನಿಂದಲೇ ತೆಗೆದುಹಾಕಿತು. ಪೋಲೆಂಡಿನವರೇ ಆದ ಜಗದ್ಗುರು ಎರಡನೆಯ ಜಾನ್ ಪೌಲರು 1995ರ ತಮ್ಮ 'ಜೀವದ ಸುವಾರ್ತೆ' ವಿಶ್ವಪತ್ರದಲ್ಲಿ ಮರಣದಂಡನೆ ನಿಜಕ್ಕೂ ಅನಿವಾರ್ಯವಾಗುವ ಸಂದರ್ಭಗಳು ಬಹುಮಟ್ಟಿಗೆ ಇಲ್ಲವೆಂದರು. 2018ರಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ಧರ್ಮೋಪದೇಶ ಗ್ರಂಥವನ್ನೇ ತಿದ್ದಿ, ಅದು ಒಪ್ಪತಕ್ಕದ್ದಲ್ಲವೆಂದು ಸ್ಪಷ್ಟಪಡಿಸಿದರು. ನಮ್ಮ ದೇಶದ ಕಾನೂನಿನಲ್ಲಿ ಮರಣದಂಡನೆ ಇನ್ನೂ ಉಳಿದಿದೆ. ಘೋರ ಅಪರಾಧದ ಸುದ್ದಿ ಬಂದಾಗಲೆಲ್ಲ "ಗಲ್ಲಿಗೇರಿಸಿ" ಎಂಬ ಕೂಗಿಗೆ ನಮ್ಮ ದನಿಯನ್ನೂ ಸೇರಿಸುವ ಮುನ್ನ ಕ್ರೈಸ್ತರಾದ ನಾವು ಈ ಚಿತ್ರವನ್ನು ಒಮ್ಮೆ ನೆನೆಯಬೇಕು.

ಎಂಟನೆಯ ಕಥೆ ನಮ್ಮಂಥವರ ಮುಖಕ್ಕೇ ಕನ್ನಡಿ ಹಿಡಿಯುತ್ತದೆ. ಜೋಫಿಯಾ ನೀತಿಶಾಸ್ತ್ರದ ಹಿರಿಯ ಪ್ರಾಧ್ಯಾಪಕಿ. ಅಮೆರಿಕದಿಂದ ಬಂದ ಎಲ್ಜ್‌ಬಿಯೆಟಾ ಎಂಬಾಕೆ ತರಗತಿಯಲ್ಲಿ ಎದ್ದು ಒಂದು ಘಟನೆ ಹೇಳುತ್ತಾಳೆ. 1943ರ ಚಳಿಗಾಲದ ರಾತ್ರಿ, ನಾಜಿಗಳಿಂದ ಅಡಗಿಸಲೆಂದು ಆರು ವರ್ಷದ ಯೆಹೂದಿ ಹುಡುಗಿಯೊಬ್ಬಳನ್ನು ಒಂದು ಕಥೋಲಿಕ ಮನೆಗೆ ಕರೆತರಲಾಯಿತು. ಅವಳಿಗೆ ದೀಕ್ಷಾಸ್ನಾನವಾಗಿದೆಯೆಂದು ಸಾಕ್ಷಿ ಹೇಳಬೇಕಿತ್ತು. ಆ ದಂಪತಿಗಳು, ಸುಳ್ಳುಸಾಕ್ಷಿ ಹೇಳುವುದು ದೇವರ ಕಟ್ಟಳೆಗೆ ವಿರುದ್ಧವೆಂದು ಮಗುವನ್ನು ಹಿಂದಕ್ಕೆ ಕಳುಹಿಸಿದರು. ಆ ಮಗು ತಾನೇ ಎಂಬುದನ್ನು ಎಲ್ಜ್‌ಬಿಯೆಟಾ ಹೇಳಬೇಕಾಗುವುದಿಲ್ಲ. ಕಳುಹಿಸಿದವಳು ತಾನೇ ಎಂಬುದು ಪ್ರಾಧ್ಯಾಪಕಿಗೆ ಅರಿವಾಗುತ್ತದೆ. ನಿಜವಾದ ಕಾರಣ ಬೇರೆಯೇ ಇತ್ತು: ಮಗುವಿಗೆ ಆಶ್ರಯ ಕೊಡಲಿದ್ದವರು ನಾಜಿ ಪೊಲೀಸರ ಕಡೆಯವರೆಂಬ ಸುದ್ದಿ ಬಂದಿತ್ತು. ಆ ಸುದ್ದಿಯೂ ಸುಳ್ಳೆಂದು ಮುಂದೆ ತಿಳಿಯಿತು. ಸುಳ್ಳು ಹೇಳಬಾರದೆಂಬ ಕಟ್ಟಳೆ ಹೀಗೆ ಒಂದು ಸುಳ್ಳಿನ ಮುಸುಕಾಯಿತು. ಮಗುವಿನ ಜೀವ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿತ್ತು. ಮಗುವಿನ ಜೀವಕ್ಕಿಂತ ಮಿಗಿಲಾದುದಿಲ್ಲವೆಂಬ ಜೋಫಿಯಾಳ ಅರಿವು ಪುಸ್ತಕದಿಂದ ಬಂದದ್ದಲ್ಲ, ಆ ರಾತ್ರಿಯಿಂದ ಬಂದದ್ದು. ಸಬ್ಬತ್ ದಿನ ಮನುಷ್ಯನಿಗಾಗಿಯೇ ಹೊರತು ಮನುಷ್ಯ ಸಬ್ಬತ್ತಿಗಾಗಿ ಅಲ್ಲವೆಂದು ಕಲಿಸಿದ ಪ್ರಭು ಯೇಸುವಿಗೆ ಈ ಕಥೆ ಅಪರಿಚಿತವೆನಿಸಲಾರದು.

ಈ ಕಥೆಗಳ ನಡುವೆ ಮಾತಿಲ್ಲದ ಮನುಷ್ಯನೊಬ್ಬ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾನೆ. ಕೊಳದ ದಡದಲ್ಲಿ ಬೆಂಕಿ ಕಾಯಿಸುತ್ತಾ, ತರಗತಿಯ ಹಿಂಬದಿಯಲ್ಲಿ ಕುಳಿತು, ಸುಮ್ಮನೆ ನೋಡುತ್ತಾನೆ. ತಡೆಯುವುದಿಲ್ಲ, ತೀರ್ಪು ಕೊಡುವುದಿಲ್ಲ. ಅವನು ಯಾರೆಂದು ನಿರ್ದೇಶಕರು ವಿವರಿಸಲಿಲ್ಲ. ದೇವದೂತನೆಂದರು ಕೆಲವರು, ಅಂತಃಸಾಕ್ಷಿಯೆಂದರು ಹಲವರು. ಅವನ ನೋಟದಲ್ಲಿ ಕುತೂಹಲವಿಲ್ಲ, ಅಳಲಿದೆ ಎಂದಷ್ಟೇ ನಾವು ಹೇಳಬಲ್ಲೆವು.

ಡೆಕಲಾಗ್ ಬಳಿಕ ಕೀಸ್ಲೋವ್ಸ್ಕಿಯವರ ಕಾರ್ಯಕ್ಷೇತ್ರ ಫ್ರಾನ್ಸಿಗೂ ವಿಸ್ತರಿಸಿತು. 1991ರಲ್ಲಿ 'ವೆರೋನಿಕಳ ಎರಡು ಬದುಕು', ಅನಂತರ ಫ್ರಾನ್ಸಿನ ಧ್ವಜದ ಬಣ್ಣಗಳನ್ನು ಆಧರಿಸಿದ ಮೂರು ಚಿತ್ರಗಳು ಬಂದವು. 'ನೀಲಿ' 1993ರಲ್ಲಿ ವೆನಿಸ್ ಚಿತ್ರೋತ್ಸವದ ಸ್ವರ್ಣಸಿಂಹ ಪ್ರಶಸ್ತಿಯನ್ನು ಇನ್ನೊಂದು ಚಿತ್ರದೊಡನೆ ಹಂಚಿಕೊಂಡಿತು. 'ಬಿಳಿ' 1994ರಲ್ಲಿ ಬರ್ಲಿನ್‌ನಲ್ಲಿ ಶ್ರೇಷ್ಠ ನಿರ್ದೇಶನದ ಬಹುಮಾನ ತಂದಿತು. ಅದೇ ವರ್ಷದ 'ಕೆಂಪು' ಮೂರು ಆಸ್ಕರ್ ನಾಮನಿರ್ದೇಶನಗಳನ್ನು ಗಳಿಸಿತು. 'ಕೆಂಪು' ಚಿತ್ರದಲ್ಲಿ ಒಬ್ಬ ನಿವೃತ್ತ ನ್ಯಾಯಾಧೀಶ ನೆರೆಯವರ ದೂರವಾಣಿ ಮಾತುಗಳನ್ನು ಕದ್ದು ಕೇಳುತ್ತಾ ಕಾಲ ಕಳೆಯುತ್ತಾನೆ. ವ್ಯಾಲೆಂಟೈನ್ ಎಂಬ ಯುವತಿಯ ಅಸಹ್ಯಭಾವವೇ ಅವನನ್ನು ಎಚ್ಚರಿಸುತ್ತದೆ. ತನ್ನ ಅಪರಾಧವನ್ನು ತಾನೇ ಪತ್ರ ಬರೆದು ತಿಳಿಸಿ ಶಿಕ್ಷೆಗೆ ಒಡ್ಡಿಕೊಳ್ಳುತ್ತಾನೆ. ರೈಲು ನಿಲ್ದಾಣದಲ್ಲಿ ಶುರುವಾದ ನಿರ್ದೇಶಕರ ಅಳುಕು ಹದಿನಾಲ್ಕು ವರ್ಷಗಳ ತರುವಾಯವೂ ಅವರನ್ನು ಬಿಟ್ಟಿರಲಿಲ್ಲ.

ಈ ಮೂರು ಚಿತ್ರಗಳಲ್ಲಿಯೂ ಒಂದು ಪುಟ್ಟ ದೃಶ್ಯವುಂಟು. ಬೆನ್ನು ಬಾಗಿದ ವೃದ್ಧರೊಬ್ಬರು ಗಾಜಿನ ಬಾಟಲಿಯನ್ನು ಎತ್ತರದ ತೊಟ್ಟಿಯ ಕಿಂಡಿಗೆ ತೂರಿಸಲು ಹೆಣಗುತ್ತಾರೆ. 'ನೀಲಿ'ಯ ನಾಯಕಿ ಕಣ್ಣು ಮುಚ್ಚಿ ಬಿಸಿಲು ಕಾಯಿಸುತ್ತಿರುತ್ತಾಳೆ, ನೋಡುವುದಿಲ್ಲ. 'ಬಿಳಿ'ಯ ನಾಯಕ ನೋಡುತ್ತಾನೆ, ತುಟಿಯಂಚಿನಲ್ಲಿ ನಗುತ್ತಾನೆ. 'ಕೆಂಪು' ಚಿತ್ರದ ವ್ಯಾಲೆಂಟೈನ್ ನೋಡುತ್ತಾಳೆ, ಹತ್ತಿರ ಹೋಗುತ್ತಾಳೆ, ಬಾಟಲಿಯನ್ನು ಒಳಕ್ಕೆ ನೂಕುತ್ತಾಳೆ. ಜೆರಿಕೋ ಹಾದಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡರು, ಸಮಾರಿಯದವನೂ ಕಂಡನು. ಕಂಡ ಮೇಲೆ ಹತ್ತಿರ ಹೋದವನು ಒಬ್ಬನೇ.

'ಕೆಂಪು' ಚಿತ್ರದ ಬಳಿಕ ತಾವು ಇನ್ನು ನಿರ್ದೇಶಿಸುವುದಿಲ್ಲವೆಂದು ಕೀಸ್ಲೋವ್ಸ್ಕಿಯವರು ಘೋಷಿಸಿದರು. ಆದರೂ ವಕೀಲ ಮಿತ್ರರೊಡನೆ ಸ್ವರ್ಗ, ನರಕ, ಶುದ್ಧೀಕರಣಸ್ಥಳಗಳ ಕುರಿತ ಮೂರು ಚಿತ್ರಗಳ ಚಿಂತನೆ ನಡೆದಿತ್ತು. ಹೃದಯದ ಶಸ್ತ್ರಚಿಕಿತ್ಸೆಯ ಬೆನ್ನಿಗೇ, 1996ರ ಮಾರ್ಚ್ 13ರಂದು, ವಾರ್ಸಾದಲ್ಲಿ ನಿಧನರಾದರು. ಆಗ ಅವರಿಗೆ 54 ವರ್ಷ. ಪೊವಾಜ್ಕಿ ಸಮಾಧಿಭೂಮಿಯಲ್ಲಿರುವ ಅವರ ಗೋರಿಯ ಮೇಲೆ ಎರಡು ಕೈಗಳ ಶಿಲ್ಪವಿದೆ. ನಿರ್ದೇಶಕರು ದೃಶ್ಯವನ್ನು ಅಳೆಯುವಂತೆ ಬೆರಳುಗಳು ಒಂದು ಚೌಕಟ್ಟನ್ನು ರಚಿಸಿವೆ.

ಆ ಚೌಕಟ್ಟು ಇಂದು ಪ್ರತಿಯೊಬ್ಬರ ಕಿಸೆಯಲ್ಲಿದೆ. ಕೀಸ್ಲೋವ್ಸ್ಕಿಯವರ ಕಾಲದಲ್ಲಿ ಕೆಲವೇ ಮಂದಿಗಿದ್ದ ಜವಾಬ್ದಾರಿ ಮೊಬೈಲ್ ಫೋನಿನೊಂದಿಗೆ ಶಾಲಾಬಾಲಕನ ಕೈಗೂ ಬಂದಿದೆ. ಹೆದ್ದಾರಿಯಲ್ಲಿ ಅಪಘಾತವಾದರೆ ಗಾಯಾಳುವಿನ ಬಾಯಿಗೆ ನೀರು ಬಿಡುವ ಮೊದಲೇ ಚಿತ್ರೀಕರಣ ಆರಂಭವಾಗುತ್ತದೆ. ಸಾವಿನ ಮನೆಯಲ್ಲಿ ಅಳುವ ತಾಯಿಯ ಮುಖ ಸಂಜೆಯೊಳಗೆ ಸಾವಿರ ಮಂದಿಗೆ ತಲುಪಿರುತ್ತದೆ. ನಮ್ಮ ಅಂತ್ಯಕ್ರಿಯೆಗಳಲ್ಲಿಯೂ, ಶವಪೆಟ್ಟಿಗೆಯ ಸುತ್ತ ಎತ್ತಿದ ಕೈಗಳಲ್ಲಿ ಫೋನುಗಳು ಹೊಳೆಯುವುದನ್ನು ಪೀಠದಿಂದ ನೋಡುತ್ತಿದ್ದೇವೆ. ಎಂಟನೆಯ ಕಟ್ಟಳೆಯಾಗಲಿ ಏಳನೆಯದಾಗಲಿ ಇದನ್ನು ಹೆಸರಿಟ್ಟು ನಿಷೇಧಿಸಿಲ್ಲ. ಆದರೆ ನೆರೆಯವನ ಹೆಸರನ್ನು ಕೆಡಿಸಬಾರದು, ಅವನದನ್ನು ಅಪಹರಿಸಬಾರದು ಎನ್ನುವಾಗ ಅವನ ಕಣ್ಣೀರೂ ಅವನದೇ ಸ್ವತ್ತೆಂಬುದು ಅದರಲ್ಲಿ ಅಡಗಿಲ್ಲವೆ? ಇತ್ತ, ದುರ್ಬಲರಿಗೆ ಅನ್ಯಾಯವಾಗುವಾಗ ಆ ನ್ಯಾಯಾಲಯದ ಕ್ಯಾಮರಾದಂತೆ ಧೈರ್ಯದಿಂದ ಸಾಕ್ಷಿಯಾಗಿ ನಿಲ್ಲುವುದೂ ಅದೇ ಕಟ್ಟಳೆಯ ಇನ್ನೊಂದು ಮುಖ.

ಈ ಸಲ ಧರ್ಮೋಪದೇಶದ ಮಕ್ಕಳು ಹತ್ತು ಕಟ್ಟಳೆಗಳನ್ನು ಒಪ್ಪಿಸಿ ಮುಗಿಸಿದಾಗ ನಾವೊಂದು ಪ್ರಶ್ನೆ ಕೇಳಿದೆವು: "ರಸ್ತೆಯಲ್ಲಿ ಯಾರೋ ಬಿದ್ದಿದ್ದಾರೆ, ನಿಮ್ಮ ಕೈಯಲ್ಲಿ ಫೋನಿದೆ. ಮೊದಲು ಏನು ಮಾಡುತ್ತೀರಿ?" ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ, "ಫೋನು ಜೇಬಲ್ಲಿಟ್ಟರೆ ತಾನೇ ಫಾದರ್, ಎರಡು ಕೈಯಲ್ಲೂ ಎತ್ತೋಕಾಗೋದು?" ಎಂದಳು. ತತ್ತ್ವಶಾಸ್ತ್ರ ಓದಿದ ನಮಗೆ ಅದಕ್ಕೆ ಸೇರಿಸಲು ಏನೂ ಉಳಿದಿರಲಿಲ್ಲ. ನೋಡುವ ಕಣ್ಣನ್ನು ದೇವರೇ ಕೊಟ್ಟಿದ್ದಾರೆ. ನೋಡಿದ ಮೇಲೆ ಹತ್ತಿರ ಹೋಗುವ ಕಾಲನ್ನೂ ಎತ್ತುವ ಕೈಯನ್ನೂ ಅವರೇ ಕೊಟ್ಟಿದ್ದಾರೆ. ಇವು ಒಂದರಿಂದೊಂದು ಅಗಲದಿರಲೆಂದು ಪ್ರಾರ್ಥಿಸೋಣ.